ರೇಡಿಯೇಟರ್ ಬದಲಾಯಿಸಿದ ಮೇಲೆ ಶಿರಾಡಿ ಘಾಟಿಯಲ್ಲಿ ಕುದಿದ ಕಾರು: ಒಂದು ಪ್ರಕರಣ ಅಧ್ಯಯನ

ಕಾರು 2013ರದ್ದು. 1.2 ಲೀಟರ್ ಪೆಟ್ರೋಲ್ ಇಂಜಿನ್, ಓಡಿದ್ದು 94,000 ಕಿಲೋಮೀಟರ್. ಓನರ್ ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು. ಅವರ ತಾಯಿ ಇರುವುದು ಪುತ್ತೂರಿನಲ್ಲಿ. ಹಾಗಾಗಿ ತಿಂಗಳಿಗೆ ಎರಡು ಸಲವಾದರೂ ಶಿರಾಡಿ ಘಾಟಿ ಇಳಿದು ಹತ್ತುವ ಗಾಡಿ ಇದು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಘಾಟಿಯಲ್ಲಿ ನಿಂತಿರಲಿಲ್ಲ.

ಮಾರ್ಚ್‌ನಲ್ಲಿ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಬಿರುಕು ಬಿಟ್ಟು ಕೂಲೆಂಟ್, ಅಂದರೆ ಇಂಜಿನ್ ತಂಪಾಗಿಡುವ ದ್ರವ, ಸೋರಿತು. ಒಂದು ಗ್ಯಾರೇಜಿನಲ್ಲಿ ಹೊಸ ರೇಡಿಯೇಟರ್ ಹಾಕಿಸಿದರು. ಜೊತೆಗೆ ಥರ್ಮೋಸ್ಟಾಟ್ (ಇಂಜಿನ್ ಕಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಬದಲಾಯಿಸಿ ಹೊಸ ಕೂಲೆಂಟ್ ತುಂಬಿದರು. ಏಪ್ರಿಲ್ ರಜೆಗೆ ಪುತ್ತೂರಿಗೆ ಹೋದರು. ಹೋಗುವಾಗ ಇಳಿಜಾರು, ಏನೂ ಆಗಲಿಲ್ಲ. ಬರುವಾಗ ಘಾಟಿಯ ಬುಡದ ಗುಂಡ್ಯ ದಾಟಿ ಹತ್ತಲು ಶುರು ಮಾಡಿದರು. ಮುಂದೆ ಲಾರಿಗಳ ಸಾಲು, ಎರಡನೇ ಗೇರು, ಒಳಗೆ ಎಸಿ. ಅರ್ಧ ಗಂಟೆಯೊಳಗೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ ಅಡಿಯಿಂದ ಹಬೆ ಬಂತು.

ಮೇಷ್ಟ್ರು ಅಲ್ಲಿ ಮಾಡಿದ ಎರಡು ಕೆಲಸ ಇಂಜಿನ್ನನ್ನೂ ಅವರನ್ನೂ ಉಳಿಸಿದವು. ತಕ್ಷಣ ಗಾಡಿ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದರು. ಮತ್ತೆ, ರೇಡಿಯೇಟರ್ ಮುಚ್ಚಳಕ್ಕೆ ಒಂದು ಗಂಟೆ ಕೈ ಹಾಕಲಿಲ್ಲ. ಬಿಸಿ ಇರುವಾಗ ಆ ಮುಚ್ಚಳ ತಿರುಗಿಸಿ ಮುಖ, ಕೈ ಸುಟ್ಟುಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಳಗಿನ ನೀರು ಒತ್ತಡದಲ್ಲಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣವೇ ಎಲ್ಲ ಒಟ್ಟಿಗೆ ಕುದ್ದು ಮೇಲೆ ಹಾರುತ್ತದೆ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ.

ಆರಿದ ಮೇಲೆ ಕೆಂಪುಹೊಳೆಯ ನೀರನ್ನು ಬಾಟಲಿಯಲ್ಲಿ ತಂದು ತುಂಬಿದರು. ಹೇಗೋ ಘಾಟಿ ಹತ್ತಿದರು. ದಾರಿಯಲ್ಲಿ ಒಬ್ಬ ಮೆಕ್ಯಾನಿಕ್ ಬಾನೆಟ್ ತೆಗೆಸಿ ನೋಡಿದರು. ಇಂಜಿನ್ ಓಡುವಾಗ ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿತ್ತು. "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್, ಹೆಡ್ ಇಳಿಸಬೇಕು, 22,000 ಆಗುತ್ತೆ" ಅಂದರಂತೆ. ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ತೆಳು ಪದರ. ಅದು ಹೋದರೆ ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ನುಗ್ಗಬಹುದು. ಮೇಷ್ಟ್ರು ಒಪ್ಪದೆ, ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಆನ್ ಮಾಡಿ, ಕಿಟಕಿ ಇಳಿಸಿಕೊಂಡು ಹಾಸನಕ್ಕೆ ಬಂದರು. ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಒಳಗಿರುವ ಇನ್ನೊಂದು ಪುಟ್ಟ ರೇಡಿಯೇಟರ್. ಅದನ್ನು ಆನ್ ಮಾಡಿದರೆ ಇಂಜಿನ್ನಿನ ಶಾಖ ಒಂದಿಷ್ಟು ಅಲ್ಲಿಂದಲೂ ಹೊರಗೆ ಹೋಗುತ್ತದೆ. ಮಾರನೇ ದಿನ ಕಾರು ನನ್ನ ಗ್ಯಾರೇಜಿಗೆ ಬಂತು.

ಮೊದಲ ದಿನ

ಆ ಮೆಕ್ಯಾನಿಕ್ ಮೋಸ ಮಾಡಲು ಹಾಗೆ ಹೇಳಿದರು ಅಂತ ನನಗೆ ಅನಿಸುವುದಿಲ್ಲ. ಗುಳ್ಳೆ ನೋಡಿದರೆ ಯಾರಿಗಾದರೂ ಮೊದಲು ಹೆಡ್ ಗ್ಯಾಸ್ಕೆಟ್ಟೇ ನೆನಪಾಗುತ್ತದೆ. ಆದರೆ ಈ ಗಾಡಿ ಮಾರ್ಚ್‌ವರೆಗೆ ಚೆನ್ನಾಗಿತ್ತು. ಕೆಲಸ ಆದ ಮೇಲೆ ಕೆಟ್ಟಿದೆ. ಹಾಗಿದ್ದಾಗ ಕೈ ಮುಟ್ಟಿದ ಜಾಗಗಳನ್ನು ಒಂದೊಂದಾಗಿ ನೋಡಿ ಮುಗಿಸದೆ, ಮುಟ್ಟದೇ ಇದ್ದ ಇಂಜಿನ್ ಬಿಚ್ಚಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾಗಿ ಮೊದಲು ಬಿಲ್ ಕೇಳಿದೆ. ರೇಡಿಯೇಟರ್, ಥರ್ಮೋಸ್ಟಾಟ್, ಕೂಲೆಂಟ್, ರೇಡಿಯೇಟರ್ ಮುಚ್ಚಳ ಅಂತ ಇತ್ತು. ಮುಚ್ಚಳವೂ ಹೊಸದು ಅನ್ನುವುದು ಮೇಷ್ಟ್ರಿಗೇ ಗೊತ್ತಿರಲಿಲ್ಲ. ಹಳೆಯ ಸಾಮಾನು ಡಿಕ್ಕಿಯಲ್ಲಿ ಒಂದು ಚೀಲದಲ್ಲಿತ್ತು. ಬದಲಾಯಿಸಿದ ಪಾರ್ಟ್ಸ್ ಕೇಳಿ ತೆಗೆದುಕೊಳ್ಳುವ ಅವರ ಅಭ್ಯಾಸ ನಮಗೆ ತುಂಬ ಸಹಾಯ ಮಾಡಿತು.

ಆಮೇಲೆ ಪ್ರಶ್ನೆಗಳು. ಯಾವಾಗ ಬಿಸಿಯಾಗುತ್ತೆ, ಓಡುವಾಗಲೋ ನಿಂತಾಗಲೋ? ಹೈವೇಯಲ್ಲಿ 80ರಲ್ಲಿ ಹೋದರೆ ಏನೂ ಇಲ್ಲ ಅಂದರು. ಊರೊಳಗೆ ಒಂದೆರಡು ಸಲ ಮುಳ್ಳು ಸ್ವಲ್ಪ ಮೇಲೆ ಹೋಗಿತ್ತಂತೆ. ಮಾತಿನ ಮಧ್ಯೆ, "ಎಸಿಯೂ ಈಗ ಸರಿಯಾಗಿ ತಂಪಾಗಲ್ಲ ಕಣಪ್ಪಾ, ಹೋದ ವಾರ ಗ್ಯಾಸ್ ತುಂಬಿಸಿದೆ, ಆದರೂ ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಗಾಳಿ" ಅಂದರು. ನಾನು ಎಸಿ ಬೇರೆ ವಿಷಯ ಅಂದುಕೊಂಡು ಬರೆದುಕೊಳ್ಳಲಿಲ್ಲ. ಅಲ್ಲೇ ನಾನು ಎಡವಿದ್ದು.

ಇಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದೆವು. ರೇಡಿಯೇಟರಿನಲ್ಲಿ ನೀರು ಕಾಣಲಿಲ್ಲ. ಮುಕ್ಕಾಲು ಲೀಟರಿನಷ್ಟು ಕಮ್ಮಿ ಇತ್ತು. ಆದರೆ ಪಕ್ಕದ ಕೂಲೆಂಟ್ ಡಬ್ಬಿಯಲ್ಲಿ ಮೇಲಿನ ಗೆರೆಗಿಂತ ಜಾಸ್ತಿ ಇತ್ತು! ಇದು ದೊಡ್ಡ ಸುಳಿವು. ಈ ತರಹದ ಗಾಡಿಯಲ್ಲಿ ಕೂಲೆಂಟ್ ಬಿಸಿಯಾಗಿ ಹಿಗ್ಗಿದರೆ ಮುಚ್ಚಳದ ಸ್ಪ್ರಿಂಗ್ ತಳ್ಳಿಕೊಂಡು ಡಬ್ಬಿಗೆ ಹೋಗುತ್ತದೆ. ತಣ್ಣಗಾದಾಗ ಒಳಗೆ ಎಳೆತ ಉಂಟಾಗಿ ಮುಚ್ಚಳದ ಚಿಕ್ಕ ವಾಲ್ವ್ ಮೂಲಕ ವಾಪಸ್ ಬರುತ್ತದೆ. ಇಲ್ಲಿ ಹೋಗಿದೆ, ವಾಪಸ್ ಬಂದಿಲ್ಲ. ಹಾಗಾದರೆ ಎರಡೇ ದಾರಿ. ಒಂದು, ಸಿಲಿಂಡರಿನ ಗ್ಯಾಸ್ ನುಗ್ಗಿ ನೀರನ್ನು ಹೊರಗೆ ತಳ್ಳುತ್ತಿದೆ. ಅಂದರೆ ಹೆಡ್ ಗ್ಯಾಸ್ಕೆಟ್. ಇಲ್ಲ, ಮುಚ್ಚಳದ ಹತ್ತಿರ ಎಲ್ಲೋ ಗಾಳಿ ಎಳೆಯುತ್ತಿದೆ.

ಹೆಡ್ ಗ್ಯಾಸ್ಕೆಟ್ ಹೌದೋ ಅಲ್ಲವೋ ಅಂತ ಹೆಡ್ ಇಳಿಸದೆಯೇ ತಿಳಿಯಬಹುದು. ಒಂದು ನೀಲಿ ದ್ರವ ಬರುತ್ತದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರ ಮೂಲಕ ಎಳೆದರೆ, ಸುಟ್ಟ ಗ್ಯಾಸ್ ಇದ್ದಲ್ಲಿ ಪೆಟ್ರೋಲ್ ಗಾಡಿಯಲ್ಲಿ ಹಳದಿಯಾಗುತ್ತದೆ. ನಾವು ಮೂರು ಸಲ ಮಾಡಿದೆವು. ನೀಲಿ ನೀಲಿಯೇ. ಆಯಿಲ್‌ನಲ್ಲಿ ಬಿಳಿ ನೊರೆ ಇರಲಿಲ್ಲ. ಪ್ರೆಶರ್ ಟೆಸ್ಟರ್ ಹಾಕಿ 1.1 ಬಾರ್‌ವರೆಗೆ ಪಂಪ್ ಮಾಡಿ ಹದಿನೈದು ನಿಮಿಷ ಬಿಟ್ಟೆವು, ಮುಳ್ಳು ಅಲ್ಲಾಡಲಿಲ್ಲ. ಹೋಸ್ ಪೈಪು, ರೇಡಿಯೇಟರ್, ವಾಟರ್ ಪಂಪ್ ಎಲ್ಲೂ ಸೋರಿಕೆ ಇಲ್ಲ.

ಈ ಪ್ರೆಶರ್ ಟೆಸ್ಟ್ ಬಗ್ಗೆ ಒಂದು ಮಾತು ಹೇಳಲೇಬೇಕು. ಟೆಸ್ಟರ್ ಕೂರಿಸುವುದು ಮುಚ್ಚಳ ಇರುವ ಜಾಗದಲ್ಲೇ. ಅಂದರೆ ಮುಚ್ಚಳ ತೆಗೆದಿಟ್ಟು ಟೆಸ್ಟ್ ಮಾಡುತ್ತೇವೆ. ಮುಚ್ಚಳವೇ ಕೆಟ್ಟಿದ್ದರೆ ಈ ಟೆಸ್ಟ್ ಅದನ್ನು ಹೇಳುವುದಿಲ್ಲ. ತುಂಬ ಜನ ಟೆಸ್ಟ್ ಪಾಸಾಯಿತು ಅಂತ ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಮುಚ್ಚಳ ಹಾಕಿ ಲಾಕ್ ಮಾಡಿ ಬೆರಳಲ್ಲಿ ಅಲ್ಲಾಡಿಸಿದೆ. ಸಣ್ಣದಾಗಿ ಅಲ್ಲಾಡಿತು. ಬಾಯಿಯ ಸುತ್ತ ಒಣಗಿದ ಕೂಲೆಂಟಿನ ಕಲೆ ಇತ್ತು. ಡಿಕ್ಕಿಯ ಚೀಲದಿಂದ ಹಳೆಯ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟೆ. ಹಳೆಯದರ ಮೇಲೆ 1.1 ಅಂತ, ಹೊಸದರ ಮೇಲೆ 0.9 ಅಂತ ಅಚ್ಚಾಗಿತ್ತು. ಅದಕ್ಕಿಂತ ದೊಡ್ಡ ವ್ಯತ್ಯಾಸ ಉದ್ದದಲ್ಲಿತ್ತು. ಹೊಸದರ ಸ್ಪ್ರಿಂಗ್ ಭಾಗ ಸುಮಾರು 3 ಮಿಲಿಮೀಟರ್ ಗಿಡ್ಡ. ರೇಡಿಯೇಟರ್ ಬಾಯಿಯೊಳಗೆ ಕೆಳಗಿನ ರಬ್ಬರ್ ಕೂರುವ ಜಾಗಕ್ಕೆ ತೆಳುವಾಗಿ ಗ್ರೀಸ್ ಸವರಿ, ಮುಚ್ಚಳ ಹಾಕಿ ತೆಗೆದು ನೋಡಿದೆವು. ರಬ್ಬರಿಗೆ ಗ್ರೀಸ್ ಅಂಟಿರಲೇ ಇಲ್ಲ. ಅಂದರೆ ಅದು ತಳ ಮುಟ್ಟುತ್ತಲೇ ಇರಲಿಲ್ಲ. ಮೇಲಿನ ತಟ್ಟೆಯೂ ಸರಿಯಾಗಿ ಕೂತಿರಲಿಲ್ಲ. ಒತ್ತಡವೂ ನಿಲ್ಲುತ್ತಿರಲಿಲ್ಲ, ವಾಪಸ್ ಎಳೆಯುವಾಗ ಕೂಲೆಂಟ್ ಬದಲು ಗಾಳಿ ಬರುತ್ತಿತ್ತು.

ಒತ್ತಡ ಇಲ್ಲದಿದ್ದರೆ ಏನಾಗುತ್ತೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಗುಳ್ಳೆಗಳ ಗುಟ್ಟು ಅಲ್ಲೇ ಇರುವುದು. ಅರ್ಧ ಕೂಲೆಂಟ್ ಅರ್ಧ ನೀರು ಬೆರೆಸಿದರೆ ಅದು ತೆರೆದ ಪಾತ್ರೆಯಲ್ಲಿ 107 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯುತ್ತದೆ. 1.1 ಬಾರ್ ಒತ್ತಡದ ಮುಚ್ಚಳ ಇದ್ದರೆ 125 ದಾಟುವವರೆಗೂ ಕುದಿಯುವುದಿಲ್ಲ. ಮೇಷ್ಟ್ರ ಗಾಡಿಯಲ್ಲಿ ಹೊಳೆ ನೀರು ಸೇರಿ ಕೂಲೆಂಟ್ ತೆಳುವಾಗಿತ್ತು. ಕೂಲೆಂಟ್ ಅಳೆಯುವ ಮೀಟರಿನಲ್ಲಿ ನೋಡಿದರೆ ನೂರಕ್ಕೆ ಮೂವತ್ತು ಭಾಗವೂ ಇರಲಿಲ್ಲ. ಅದರ ಮೇಲೆ ಎತ್ತರ. ಸುಮಾರು 300 ಮೀಟರ್ ಮೇಲಕ್ಕೆ ಹೋದಂತೆ ನೀರು ಕುದಿಯುವ ಮಟ್ಟ ಒಂದು ಡಿಗ್ರಿ ಇಳಿಯುತ್ತದೆ. ಸಕಲೇಶಪುರ, ಹಾಸನ ಎರಡೂ 900 ಮೀಟರಿಗಿಂತ ಮೇಲಿವೆ. ಲೆಕ್ಕ ಹಾಕಿದರೆ ಈ ಗಾಡಿಯ ಕೂಲೆಂಟ್ 101, 102ಕ್ಕೇ ಕುದಿಯಬೇಕು. ಇಂಜಿನ್ ಕಂಪ್ಯೂಟರಿನಿಂದ ಟೆಂಪರೇಚರ್ ಓದುವ ಸ್ಕ್ಯಾನರ್ ಹಾಕಿ ಓಡಿಸಿದೆವು. 102 ತೋರಿಸುವಷ್ಟರಲ್ಲಿ ಡಬ್ಬಿಯಲ್ಲಿ ಗುಳುಗುಳು ಶುರುವಾಯಿತು. ದಾರಿಯ ಮೆಕ್ಯಾನಿಕ್ ನೋಡಿದ ಗುಳ್ಳೆ ಸಿಲಿಂಡರಿನಿಂದ ಬಂದದ್ದಲ್ಲ. ಸುಮ್ನೆ ಕುದಿಯುತ್ತಿದ್ದ ನೀರು ಅದು.

ಸರಿಯಾದ ಮುಚ್ಚಳ ತರಿಸಿದೆ. ಹಳೆಯದರ ರಬ್ಬರ್ ಗಟ್ಟಿಯಾಗಿತ್ತು, ಹಾಗಾಗಿ ಅದನ್ನು ಹಾಕಲಿಲ್ಲ. ಇದ್ದ ನೀರೆಲ್ಲ ತೆಗೆದು ಒಳಗೆ ತೊಳೆದು, ಹೊಸ ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಸಮ ಬೆರೆಸಿ ತುಂಬಿದೆವು. ಬೋರ್‌ವೆಲ್ ನೀರು ಹಾಕಬಾರದು, ಒಳಗೆ ಉಪ್ಪು ಕಟ್ಟುತ್ತದೆ. ಹಳೆಯ ಕೂಲೆಂಟನ್ನು ಕ್ಯಾನಿನಲ್ಲಿ ಮುಚ್ಚಿಟ್ಟೆವು. ಅದು ಸಿಹಿಯಾಗಿರುತ್ತದೆ, ಬೀದಿನಾಯಿ ನೆಕ್ಕಿದರೆ ಸತ್ತೇ ಹೋಗುತ್ತದೆ. ಚರಂಡಿಗೆ ಚೆಲ್ಲುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ರೇಡಿಯೇಟರ್ ಕೆಲಸದ ನಂತರ ಏರ್ ಲಾಕ್ (ಕೂಲೆಂಟ್ ದಾರಿಯಲ್ಲಿ ಗಾಳಿ ಸಿಕ್ಕಿಕೊಳ್ಳುವುದು) ತುಂಬ ಸಾಮಾನ್ಯ. ಹಾಗಾಗಿ ಅದನ್ನೂ ನೋಡಿದೆವು. ಮುಂದಿನ ಚಕ್ರ ಜಾಕ್ ಮೇಲೆ ಎತ್ತಿ, ಮುಚ್ಚಳ ತೆಗೆದು, ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿ, ಹೀಟರ್ ಪೂರ್ತಿ ತಿರುಗಿಸಿ, ಮೇಲಿನ ಹೋಸ್ ಹಿಸುಕುತ್ತ ಗಾಳಿ ಬಿಟ್ಟೆವು. ಹೀಟರಿನಿಂದ ಬಿಸಿ ಗಾಳಿ ಒಂದೇ ಸಮನೆ ಬಂತು. ಇಂಜಿನ್ ಕಾದಿದ್ದೂ ಹೀಟರ್ ತಣ್ಣಗಿನ ಗಾಳಿ ಊದಿದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಂತ. ಇಲ್ಲಿ ಹಾಗೇನೂ ಇರಲಿಲ್ಲ. ಥರ್ಮೋಸ್ಟಾಟ್ ಬಿಚ್ಚಿ ನೋಡಿದೆ, ಅದರ ಸಣ್ಣ ಗಾಳಿ ಪಿನ್ನು ಮೇಲ್ಮುಖವಾಗಿಯೇ ಇತ್ತು. ಬಿಸಿ ನೀರಿನ ಪಾತ್ರೆಯಲ್ಲಿ ಹಾಕಿದರೆ 82ರ ಹತ್ತಿರ ಬಾಯಿ ಬಿಡಲು ಶುರು ಮಾಡಿತು. ಸರಿಯಾಗಿದೆ. ರೇಡಿಯೇಟರಿಗೆ ಗಾಳಿ ಎಳೆಯುವ ಫ್ಯಾನ್ 96ಕ್ಕೆ ಆನ್ ಆಯಿತು. ನನ್ನ ನೋಟ್‌ಬುಕ್ಕಿನಲ್ಲಿ "ಫ್ಯಾನ್ ಓಕೆ" ಅಂತ ಬರೆದೆ.

ಬೈಪಾಸಿನಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿದೆ. ಎಲ್ಲ ಚೆನ್ನಾಗಿತ್ತು. ಮೇಷ್ಟ್ರಿಗೆ ಗಾಡಿ ಕೊಟ್ಟು, "ಘಾಟಿಗೆ ಈಗಲೇ ಹೋಗಬೇಡಿ ಮೇಷ್ಟ್ರೇ, ಮೂರ್ನಾಲ್ಕು ದಿನ ಊರಲ್ಲೇ ಓಡಿಸಿ" ಅಂದೆ.

ಮತ್ತೆ ಬಂದ ಕಾರು

ಮೂರನೇ ದಿನ ಫೋನ್ ಬಂತು. ರೈಲ್ವೆ ಗೇಟಿನಲ್ಲಿ ಹತ್ತು ನಿಮಿಷ ಎಸಿ ಹಾಕಿಕೊಂಡು ನಿಂತಿದ್ದರಂತೆ. ಮುಳ್ಳು ಮೇಲೆ ಹೋಗಿದೆ. ಕುದಿಯಲಿಲ್ಲ, ಚೆಲ್ಲಲಿಲ್ಲ, ಆದರೆ ಬಿಸಿಯಾಗಿದೆ.

ನನಗೆ ಆಗಲೇ ಹೊಳೆಯಬೇಕಿತ್ತು. ಮುಚ್ಚಳ ಕೆಟ್ಟರೆ ಕೂಲೆಂಟ್ ಬೇಗ ಕುದಿಯುತ್ತದೆ ನಿಜ. ಆದರೆ ಅದು 102ಕ್ಕೆ ಹೋಗಿದ್ದಾದರೂ ಯಾಕೆ? ಫ್ಯಾನ್ ಸರಿಯಾಗಿದ್ದರೆ ನಿಂತ ಗಾಡಿ 96, 97ರಲ್ಲೇ ಇಳಿಯಬೇಕು. ಗುಳ್ಳೆಯ ಕಾರಣ ಸಿಕ್ಕ ಖುಷಿಯಲ್ಲಿ ಶಾಖದ ಕಾರಣ ಹುಡುಕುವುದನ್ನು ನಾನು ಬಿಟ್ಟಿದ್ದೆ.

ಈ ಸಲ ಸ್ಕ್ಯಾನರ್ ಹಾಕಿ, ಗಾಡಿಯನ್ನು ಶೆಡ್ಡಿನಲ್ಲಿ ಐಡ್ಲಿಂಗ್‌ನಲ್ಲಿ ಬಿಟ್ಟು ನಿಮಿಷ ನಿಮಿಷಕ್ಕೂ ಬರೆದುಕೊಂಡೆ. ಎಸಿ ಇಲ್ಲದೆ 96ಕ್ಕೆ ಫ್ಯಾನ್ ಆನ್ ಆಯಿತು. ಆದರೆ ಟೆಂಪರೇಚರ್ ಇಳಿಯಲಿಲ್ಲ. 98ಕ್ಕೆ ಏರಿ ಅಲ್ಲೇ ನಿಂತಿತು. ಎಸಿ ಆನ್ ಮಾಡಿದೆ. 99, 101, 103. ಹನ್ನೊಂದನೇ ನಿಮಿಷಕ್ಕೆ 107. ಅಲ್ಲಿಗೆ ಇಂಜಿನ್ ಆಫ್ ಮಾಡಿದೆ.

ಡ್ಯಾಶ್‌ಬೋರ್ಡಿನ ಮುಳ್ಳು 104ರ ತನಕ ನಡುವಿನಿಂದ ಕದಲಲೇ ಇಲ್ಲ. ಈಗಿನ ತುಂಬ ಕಾರುಗಳಲ್ಲಿ ಮುಳ್ಳನ್ನು ಹಾಗೇ ಮಾಡಿರುತ್ತಾರೆ. ಓಡಿಸುವವರು ಗಾಬರಿಯಾಗದಿರಲಿ ಅಂತ ಒಂದು ಅಂತರದೊಳಗೆ ಅದು ನಡುವೆಯೇ ನಿಲ್ಲುತ್ತದೆ. ಮುಳ್ಳು ಮೇಲೆ ಹೋಗುವಷ್ಟರಲ್ಲಿ ಇಂಜಿನ್ ಆಗಲೇ ಸಾಕಷ್ಟು ಕಾದಿರುತ್ತದೆ. ಕೂಲಿಂಗ್ ಕಂಪ್ಲೇಂಟ್ ಇರುವ ಗಾಡಿಯನ್ನು ಮುಳ್ಳು ನೋಡಿಕೊಂಡು ಟ್ರಯಲ್ ಮಾಡುವುದು ಸಾಲದು. ಸ್ಕ್ಯಾನರ್ ಬೇಕು.

ಮತ್ತೆ ಸ್ಟಾರ್ಟ್ ಮಾಡಿ, 104ರಲ್ಲಿ ಇರುವಾಗ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಎರಡು ಹೋಸ್ ನೋಡಿದೆ. ಇಂಜಿನ್ನಿನಿಂದ ರೇಡಿಯೇಟರಿಗೆ ಬರುವ ಮೇಲಿನ ಹೋಸ್ 102. ರೇಡಿಯೇಟರಿನಿಂದ ವಾಪಸ್ ಹೋಗುವ ಕೆಳಗಿನದು 99. ಮೂರೇ ಡಿಗ್ರಿ!

ಈ ಮೂರು ಡಿಗ್ರಿ ನನಗೆ ದಾರಿ ತೋರಿಸಿತು. ಥರ್ಮೋಸ್ಟಾಟ್ ಮುಚ್ಚಿಕೊಂಡಿದ್ದರೆ ಅಥವಾ ರೇಡಿಯೇಟರ್ ಕಟ್ಟಿದ್ದರೆ ಇಂಜಿನ್ ಕಾದಿದ್ದರೂ ಕೆಳಗಿನ ಹೋಸ್ ತಣ್ಣಗಿರುತ್ತದೆ. ನೀರು ದಾಟುತ್ತಿಲ್ಲ ಅಂತ ಅರ್ಥ. ಇಲ್ಲಿ ಎರಡೂ ಬಿಸಿ. ನೀರು ಚೆನ್ನಾಗಿ ಹರಿಯುತ್ತಿದೆ, ಆದರೆ ರೇಡಿಯೇಟರಿನಲ್ಲಿ ಶಾಖ ಬಿಡದೆ ಹಾಗೇ ವಾಪಸ್ ಬರುತ್ತಿದೆ. ಅಂದರೆ ತೊಂದರೆ ನೀರಿನ ಕಡೆ ಇಲ್ಲ, ಗಾಳಿಯ ಕಡೆ ಇದೆ. ಹೊಸ ರೇಡಿಯೇಟರ್, ಕಟ್ಟಿರಲು ಸಾಧ್ಯ ಇಲ್ಲ. ಅದರ ಮುಂದಿರುವ, ಎಸಿಯ ಶಾಖ ಹೊರಗೆ ಬಿಡುವ ಕಂಡೆನ್ಸರಿನಲ್ಲಿ ಮಣ್ಣು, ಹುಳ ಸಿಕ್ಕಿಕೊಂಡಿರಬಹುದು ಅಂತ ಟಾರ್ಚ್ ಹಿಡಿದು ಬಂಪರ್ ಮುಂದೆ ಮಂಡಿಯೂರಿ ಕೂತೆ.

ಮುಖಕ್ಕೆ ಬಿಸಿ ಗಾಳಿ ಹೊಡೆಯಿತು.

ಫ್ಯಾನ್ ಓಡುವಾಗ ಗಾಡಿಯ ಮುಂದೆ ಗಾಳಿ ಒಳಕ್ಕೆ ಹೋಗಬೇಕು. ಹೊರಕ್ಕೆ ಬರಬಾರದು. ಮೇಷ್ಟ್ರ ಬಿಲ್ಲನ್ನೇ ಗ್ರಿಲ್ ಮುಂದೆ ಹಿಡಿದೆ. ಸರಿಯಾಗಿದ್ದರೆ ಕಾಗದ ಗ್ರಿಲ್ಲಿಗೆ ಅಂಟಿಕೊಳ್ಳಬೇಕಿತ್ತು. ಅದು ನನ್ನ ಕಡೆಗೆ ಹಾರಿತು. ಫ್ಯಾನ್ ಉಲ್ಟಾ ತಿರುಗುತ್ತಿತ್ತು.

ಫ್ಯಾನ್ ಹಿಂದೆ ಕೈ ಹಾಕಿ ವೈರ್ ಹಿಡಿದು ನೋಡಿದರೆ ಕಪ್ಲರ್ (ವೈರ್ ಜೋಡಿಸುವ ಪ್ಲಾಸ್ಟಿಕ್ ಕನೆಕ್ಟರ್) ಇರಲಿಲ್ಲ. ಎರಡು ವೈರುಗಳನ್ನು ಹೆಣೆದು ಇನ್ಸುಲೇಷನ್ ಟೇಪ್ ಸುತ್ತಿದ್ದರು. ಏನಾಗಿರಬೇಕು ಅಂತ ಊಹಿಸುವುದು ಕಷ್ಟವಲ್ಲ. ರೇಡಿಯೇಟರ್ ತೆಗೆಯಬೇಕಾದರೆ ಫ್ಯಾನ್ ಬಿಚ್ಚಲೇಬೇಕು. ಹತ್ತು ವರ್ಷ ಇಂಜಿನ್ ಶಾಖ ತಿಂದ ಕಪ್ಲರಿನ ಪ್ಲಾಸ್ಟಿಕ್ ಮುಟ್ಟಿದರೆ ಪುಡಿಯಾಗುತ್ತದೆ. ಅದು ಮುರಿದಿದೆ, ವೈರ್ ಕತ್ತರಿಸಿ ನೇರ ಜೋಡಿಸಿದ್ದಾರೆ. ಮೋಟಾರ್ ಕಡೆಯ ಎರಡೂ ವೈರ್ ಶಾಖಕ್ಕೆ, ಧೂಳಿಗೆ ಕಪ್ಪಾಗಿದ್ದವು, ಬಣ್ಣ ಗೊತ್ತಾಗುತ್ತಿರಲಿಲ್ಲ. ಪ್ಲಸ್ ಮೈನಸ್ ಅದಲುಬದಲಾಗಿದೆ. ಡಿಸಿ ಮೋಟಾರ್ ಹಾಗಾದರೆ ಸುಟ್ಟುಹೋಗುವುದಿಲ್ಲ, ಫ್ಯೂಸ್ ಹೋಗುವುದಿಲ್ಲ. ಸುಮ್ಮನೆ ಇನ್ನೊಂದು ಕಡೆಗೆ ತಿರುಗುತ್ತದೆ. ನೋಡುವವರಿಗೆ ಫ್ಯಾನ್ ಓಡುತ್ತಿದೆ, ಅಷ್ಟೇ. ನನಗೂ ಮೊದಲ ದಿನ ಕಂಡದ್ದು ಅಷ್ಟೇ ಅಲ್ವಾ? ಓಡುತ್ತಿದೆಯಾ ಅಂತ ನೋಡಿದೆ. ಯಾವ ಕಡೆಗೆ ಅಂತ ನೋಡಲಿಲ್ಲ.

ಆಗ ಮೇಷ್ಟ್ರು ಹೇಳಿದ್ದೆಲ್ಲ ಒಂದಕ್ಕೊಂದು ಕೂಡಿಕೊಂಡಿತು. ಹೈವೇಯಲ್ಲಿ 80ರ ವೇಗದ ಗಾಳಿ ಫ್ಯಾನನ್ನು ಮೀರಿ ಒಳಗೆ ನುಗ್ಗುತ್ತದೆ, ಹಾಗಾಗಿ ಅಲ್ಲಿ ಏನೂ ಆಗುತ್ತಿರಲಿಲ್ಲ. ಘಾಟಿಯಲ್ಲಿ ಲಾರಿ ಹಿಂದೆ 20ರಲ್ಲಿ ಹತ್ತುವಾಗ ಇಂಜಿನ್ನಿಗೆ ಪೂರ್ತಿ ಲೋಡು. ಎಸಿ ಆನ್ ಇದ್ದರೆ ಈ ಗಾಡಿಯಲ್ಲಿ ಫ್ಯಾನೂ ಜೊತೆಗೇ ಓಡುತ್ತದೆ. ಮುಂದಿನಿಂದ ಬರುವ ಅಲ್ಪ ಸ್ವಲ್ಪ ಗಾಳಿಯನ್ನು ಉಲ್ಟಾ ಫ್ಯಾನ್ ಎದುರು ತಳ್ಳುತ್ತಿತ್ತು. ಎರಡೂ ಸೇರಿ ರೇಡಿಯೇಟರಿನಲ್ಲಿ ಗಾಳಿ ನಿಂತೇ ಹೋಗುತ್ತಿತ್ತು. ಫ್ಯಾನ್ ಇಲ್ಲದಿದ್ದಿದ್ದರೇ ಅಲ್ಲಿ ಒಳ್ಳೆಯದಿತ್ತೇನೋ.

ಎಸಿ ತಂಪಾಗದ್ದೂ ಇದರಿಂದಲೇ. ನಿಂತ ಗಾಡಿಯಲ್ಲಿ ಇಂಜಿನ್ ಕಡೆಯ ಬಿಸಿ ಗಾಳಿ ರೇಡಿಯೇಟರ್ ದಾಟಿ ಕಂಡೆನ್ಸರಿಗೆ ಬಡಿಯುತ್ತಿತ್ತು. ಕಂಡೆನ್ಸರ್ ಶಾಖ ಬಿಡಲು ಆಗದೆ ಎಸಿ ಸೋಲುತ್ತಿತ್ತು. ಗ್ಯಾಸ್ ಕಮ್ಮಿ ಇರಲೇ ಇಲ್ಲ. ಎಸಿ ಕೆಲಸದವರಲ್ಲಿ ಗೇಜ್ ಹಾಕಿ ನೋಡಿಸಿದಾಗ ಗ್ಯಾಸ್ ಜಾಸ್ತಿಯಾಗಿತ್ತು, ತೆಗೆಸಬೇಕಾಯಿತು. ನಿಂತಾಗ ಎಸಿ ಬಿಸಿ, ಓಡುವಾಗ ತಂಪು, ಜೊತೆಗೆ ಇಂಜಿನ್ನೂ ಬಿಸಿ ಅಂತ ಯಾರಾದರೂ ಹೇಳಿದರೆ ಈಗ ನಾನು ಮೊದಲು ಕಾಗದ ಹಿಡಿಯುತ್ತೇನೆ.

ಸರಿಪಡಿಸಿದ್ದು, ನೋಡಿದ್ದು

ಟೇಪ್ ಬಿಚ್ಚಿ, ಮೋಟಾರನ್ನು ನೇರ ಬ್ಯಾಟರಿಗೆ ಕೊಟ್ಟು ಯಾವುದು ಪ್ಲಸ್ ಅಂತ ಖಚಿತ ಮಾಡಿಕೊಂಡು ಗುರುತು ಹಾಕಿದೆವು. ಹೊಸ ಕಪ್ಲರ್ ಹಾಕಿ ಬೆಸುಗೆ ಮಾಡಿ, ಮೇಲೆ ಹೀಟ್ ಶ್ರಿಂಕ್ ಕೊಳವೆ ಕೂರಿಸಿದೆವು. ಫ್ಯಾನ್ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಹೆಣೆದ ವೈರಿಗೆ ಬರೀ ಟೇಪ್ ಸುತ್ತಿ ಬಿಟ್ಟರೆ ಜಾಯಿಂಟ್ ಕಾಯುತ್ತದೆ. ಇಲ್ಲೂ ಒಳಗಡೆ ಟೇಪ್ ಕರಗಿ ಅಂಟಾಗಿತ್ತು.

ಅದೇ ಶೆಡ್ಡು, ಅದೇ ಐಡ್ಲಿಂಗ್. ಫ್ಯಾನ್ 96ಕ್ಕೆ ಆನ್ ಆಗಿ ಎರಡು ನಿಮಿಷದೊಳಗೆ 91ಕ್ಕೆ ಇಳಿಸಿ ಆಫ್ ಆಯಿತು. ಎಸಿ ಹಾಕಿ ಅರ್ಧ ಗಂಟೆ ಬಿಟ್ಟರೂ 91ರಿಂದ 95ರ ಒಳಗೇ ಇತ್ತು. ಫ್ಯಾನ್ ಓಡುವಾಗ ಎರಡು ಹೋಸ್‌ಗಳ ವ್ಯತ್ಯಾಸ 10 ಡಿಗ್ರಿ. ಕಾಗದ ಗ್ರಿಲ್ಲಿಗೆ ಅಂಟಿತು.

ಆದರೂ ನನಗೆ ಘಾಟಿ ಹತ್ತಿಸಿ ನೋಡದೆ ಸಮಾಧಾನ ಇರಲಿಲ್ಲ. ಭಾನುವಾರ ಮೇಷ್ಟ್ರನ್ನೇ ಕರೆದುಕೊಂಡು ಗುಂಡ್ಯವರೆಗೆ ಇಳಿದು ತಿರುಗಿಸಿದೆವು. ಎಸಿ ಆನ್. ಬೇಕಂತಲೇ ಲಾರಿ ಹಿಂದೆ ಇದ್ದೆವು, ಓವರ್‌ಟೇಕ್ ಮಾಡಲಿಲ್ಲ. ಹತ್ತುವಾಗ 93ರಿಂದ 97. ಮಾರನಹಳ್ಳಿ ಹತ್ತಿರ ಗಾಡಿಗಳೆಲ್ಲ ಸ್ವಲ್ಪ ಹೊತ್ತು ನಿಂತವು, ಆಗ 99 ಮುಟ್ಟಿ ಮತ್ತೆ ಇಳಿಯಿತು. ದೋಣಿಗಾಲ್ ತಲುಪಿದಾಗ ಬಾನೆಟ್ ತೆಗೆದು ನೋಡಿದೆ. ಡಬ್ಬಿಯಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಮೇಷ್ಟ್ರು ಅಲ್ಲೇ ತಾಯಿಗೆ ಫೋನ್ ಮಾಡಿ ಮುಂದಿನ ಶನಿವಾರ ಬರುತ್ತೇನೆ ಅಂದರು.

ಖರ್ಚು ಆದದ್ದು ಮುಚ್ಚಳ, ಕಪ್ಲರ್, ಕೂಲೆಂಟ್ ಮತ್ತೆ ಕೂಲಿ ಸೇರಿ 3,000ಕ್ಕಿಂತ ಕಮ್ಮಿ. ಫ್ಯಾನ್ ಕೆಲಸಕ್ಕೆ ನಾನು ಕೂಲಿ ತೆಗೆದುಕೊಳ್ಳಲಿಲ್ಲ. ಮೊದಲ ದಿನವೇ ಹಿಡಿಯಬೇಕಿತ್ತು ಅದನ್ನು.

ಒಂದು ಅನುಮಾನ ಮಾತ್ರ ಉಳಿದಿತ್ತು. ಮುಳ್ಳು ಕೆಂಪು ಮುಟ್ಟಿದ ಇಂಜಿನ್ ಇದು. ಅಲ್ಯೂಮಿನಿಯಂ ಹೆಡ್ ಅಷ್ಟು ಕಾದರೆ ಸೊಟ್ಟಗಾಗಬಹುದು, ಗ್ಯಾಸ್ಕೆಟ್ ಆಮೇಲೆ ನಿಧಾನವಾಗಿ ಬಿಡಬಹುದು. ಹಾಗಾಗಿ ಕೂಲೆಂಟ್ ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದು, "ವಾರಕ್ಕೊಂದು ಸಲ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ ನೋಡಿ ಮೇಷ್ಟ್ರೇ, ಗೆರೆಗಿಂತ ಇಳಿದರೆ ಅವತ್ತೇ ಫೋನ್ ಮಾಡಿ" ಅಂದಿದ್ದೆ. ಶಾಲೆ ಶುರುವಾದ ಮೇಲೆ, ಜೂನ್ ಮೊದಲ ವಾರ ಬಂದರು. ಅಷ್ಟರಲ್ಲಿ ಮೂರು ಸಲ ಪುತ್ತೂರಿಗೆ ಹೋಗಿ ಬಂದಿದ್ದರು. ಕೂಲೆಂಟ್ ಗೆರೆಯಲ್ಲೇ ಇತ್ತು. ರೇಡಿಯೇಟರ್ ಬಾಯಿಮಟ್ಟ ತುಂಬಿತ್ತು. ನೀಲಿ ದ್ರವದ ಟೆಸ್ಟ್ ಇನ್ನೊಮ್ಮೆ ಮಾಡಿದೆವು. ನೀಲಿಯಾಗಿಯೇ ಉಳಿಯಿತು.